ಎಂಟುನೂರು ಚಕ್ಕೆ, ಒಂದು ಕೊಡಲಿ

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸಾರ್, ಕಬ್ಬಿಣವಿಲ್ಲದೆ ಈ ಕಲ್ಲಿನ ಕೊಡಲಿ ಹೇಗೆ ಮಾಡಿದರು?" ಒಡೆದರು, ಕುಟ್ಟಿದರು, ಉಜ್ಜಿದರು ಎಂದು ಮೂರು ಕ್ರಿಯಾಪದಗಳಲ್ಲಿ ಪಾಠ ಮುಗಿಸುತ್ತಿದ್ದೆ. ಹೋದ ಬೇಸಿಗೆ ರಜೆಯಲ್ಲಿ ನಾನೇ ಒಂದು ಮಾಡಲು ಕುಳಿತೆ.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡ ಇಡೀ ಗ್ರಾನೈಟ್. ಅದರ ನಡುವೆ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆ ಹಾದುಹೋಗಿದೆ. ನವಶಿಲಾಯುಗದವರು ಕೊಡಲಿಗೆ ಆರಿಸಿಕೊಂಡದ್ದು ಇದನ್ನೇ. ಆ ಯುಗದ ಕೊನೆಯ ಶತಮಾನಗಳಲ್ಲಿ ಗುಡ್ಡದ ಮೇಲೆ ಕೊಡಲಿಯ ಕಾರ್ಯಾಗಾರವೇ ಇತ್ತು. ಅಲ್ಲಿಂದ ಒಂದು ಹರಳನ್ನೂ ಎತ್ತಬಾರದು, ನಾನೂ ಎತ್ತಲಿಲ್ಲ. ಊರಾಚೆಯ ಒಂದು ಜಲ್ಲಿ ಕ್ರಷರ್ ಬಳಿ ಬಿಸಾಡಿದ್ದ ಕರಿಕಲ್ಲುಗಳನ್ನು ಕೇಳಿ ತಂದೆ. ಜಲ್ಲಿಗಾಗಿಯೇ ಈ ಭಾಗದ ಎಷ್ಟೋ ಗುಡ್ಡಗಳು ಕರಗಿವೆ ಎಂಬ ಸಂಕಟ ಬೇರೆ.

ಮೊದಲ ಕಲ್ಲು ಹತ್ತನೆಯ ಏಟಿಗೆ ಅಡ್ಡಕ್ಕೆ ಎರಡಾಯಿತು. ಎರಡನೆಯದು ಹೆಚ್ಚುಕಡಿಮೆ ಕೊಡಲಿಯ ಆಕಾರಕ್ಕೆ ಬಂದಮೇಲೆ ಮುರಿಯಿತು. ಅದೇ ಹೆಚ್ಚು ನೋವು. ರುಬ್ಬುವ ಕಲ್ಲು ಕಟೆದೇ ಬಾಳಿದ ಪಕ್ಕದ ಓಣಿಯ ತಾತ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಹತ್ತಿರ ಬಂದು, "ಮೇಷ್ಟ್ರೇ, ನೀವು ಕಲ್ಲಿನ ಹೊಟ್ಟೆಗೆ ಹೊಡೆಯುತ್ತೀರಿ. ಅಂಚಿಗೆ ಹೊಡೆಯಿರಿ, ಓರೆಯಾಗಿ" ಎಂದರು. ಒಂದು ಗುಂಡುಕಲ್ಲು ತೆಗೆದುಕೊಂಡು ಅಂಚಿನ ಮೇಲೆ ಸವರುವಂತೆ ಬಾರಿಸಿದರು. 'ಟಣ್' ಎಂದು ಅಂಗೈಯಗಲದ ಚಕ್ಕೆ ಎದ್ದಿತು. ನನ್ನ ಏಟಿಗೆ 'ದಪ್' ಎನ್ನುತ್ತಿತ್ತು. ಸರಿಯಾದ ಏಟು ಯಾವುದೆಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಮೂರನೆಯ ಕಲ್ಲು ಉಳಿಯಿತು. ಮಗಳು ಹಾಳೆ ಹಾಸಿ, ಹೆಬ್ಬೆರಳ ಉಗುರಿಗಿಂತ ದೊಡ್ಡ ಚಕ್ಕೆಗಳನ್ನು ಎಣಿಸಿದಳು. ಮುರಿದ ಎರಡರವೂ ಸೇರಿ ಎಂಟುನೂರರ ಮೇಲೆ. ನಾನು ಪೆಚ್ಚಾದೆ. ಗುಡ್ಡದ ಮೇಲೆ ಹಾಸಿದಂತೆ ಬಿದ್ದಿರುವ ಚಕ್ಕೆಗಳನ್ನು ತೋರಿಸಿ "ನೋಡಿ, ಇಲ್ಲಿ ಲಕ್ಷಗಟ್ಟಲೆ ಕೊಡಲಿ ಮಾಡಿದ್ದಾರೆ" ಎಂದು ಎಷ್ಟು ವರ್ಷ ಹೇಳಿಬಿಟ್ಟಿದ್ದೇನೆ! ಅವರ ಕೈ ನನ್ನದಕ್ಕಿಂತ ಪಳಗಿತ್ತು, ನಿಜ. ಆದರೂ ಚಕ್ಕೆಗಳ ರಾಶಿಯಲ್ಲಿ ಕಲಿಯುವವರು ಕೆಡಿಸಿದ ಕಲ್ಲುಗಳ ಪಾಲೂ ಇದ್ದೇ ಇರುತ್ತದೆ.

ಕುಟ್ಟುವ ಹಂತದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಐದು ದಿನ ಸಣ್ಣ ಬೆಣಚುಕಲ್ಲಿನಿಂದ ಉಬ್ಬುಗಳನ್ನು ಪುಡಿ ಮಾಡಿದೆ. ಮೊಣಕೈ ಹಿಡಿದುಕೊಂಡಿತು.

ಉಜ್ಜುವುದಕ್ಕೆ ಹಿತ್ತಲಿನ ಬಟ್ಟೆ ಒಗೆಯುವ ಗ್ರಾನೈಟ್ ಕಲ್ಲು, ಹಳ್ಳದ ಮರಳು, ನೀರು. ದಿನಚರಿಯಲ್ಲಿ ಬರೆದಿಟ್ಟ ಲೆಕ್ಕದಂತೆ ಒಟ್ಟು 21 ಗಂಟೆ, ಆರು ವಾರದ ಸಂಜೆಗಳಲ್ಲಿ. ಬೇಸತ್ತು ಎದ್ದಾಗ ನನ್ನ ತಾಯಿ "ಕೊಡು ಇಲ್ಲಿ" ಎಂದು ತೆಗೆದುಕೊಂಡು ಕುಳಿತರು. ಹಿಟ್ಟು ರುಬ್ಬಿದ ಕೈ. ಮೈಯ ಭಾರವನ್ನೆಲ್ಲ ಮುಂದಕ್ಕೆ ಬಿಟ್ಟು, ಹಿಂದಕ್ಕೆ ಹಗುರವಾಗಿ ಎಳೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ನನ್ನ ಒಂದು ಸಂಜೆಯ ಕೆಲಸ ಆಗಿತ್ತು. ಆಮೇಲೆ ಓಣಿಯ ಹುಡುಗರೂ ಸರದಿ ಕೇಳಿಕೊಂಡು ಉಜ್ಜಿದರು. ಚಕ್ಕೆ ಎಬ್ಬಿಸಲು ಪಳಗಿದವರೇ ಬೇಕು, ಉಜ್ಜಲು ಮನೆಮಂದಿಯೆಲ್ಲ ಆದೀತು. ಪುಸ್ತಕದ ಚಿತ್ರಗಳಲ್ಲಿ ಕೊಡಲಿ ಮಾಡುವವನು ಯಾವಾಗಲೂ ಒಬ್ಬ ಗಡ್ಡದ ಗಂಡಸು. ನನಗೆ ಈಗ ಆ ಚಿತ್ರದ ಮೇಲೆ ನಂಬಿಕೆಯಿಲ್ಲ. ಹಿರೇಗುಡ್ಡದ ಬಂಡೆಗಳ ಮೇಲಿನ ಉಜ್ಜಿ ಉಜ್ಜಿ ಆದ ತಗ್ಗುಗಳನ್ನು ಕಂಡರೆ ಅವುಗಳ ಸುತ್ತ ಹರಟೆಯೂ ಕೇಳಿಸಿದಂತಾಗುತ್ತದೆ.

ಕೊನೆಗೆ ಹಿಡಿ ಕಟ್ಟಿ, ಮಣಿಕಟ್ಟಿನ ದಪ್ಪದ ಬಳ್ಳಾರಿ ಜಾಲಿಯ ಕೊಂಬೆ ಕಡಿಯಲು ಹೊರಟೆ. (ಹೆಸರಿನಲ್ಲಿ ಬಳ್ಳಾರಿ ಇದ್ದರೂ ಗಿಡ ಅಮೆರಿಕದ್ದು, ನವಶಿಲಾಯುಗದ ಇಲ್ಲಿನ ಜನ ಅದನ್ನು ಕಂಡಿರಲಿಲ್ಲ.) ಕಬ್ಬಿಣದ ಕೊಡಲಿಯಂತೆ ನೇರ ಹೊಡೆದರೆ ಪುಟಿಯುತ್ತದೆ, ಓರೆಯಾಗಿ, ಸುತ್ತಲೂ ಕಚ್ಚು ಹಾಕುತ್ತ ಹೋಗಬೇಕು. 25 ನಿಮಿಷಕ್ಕೆ ಕೊಂಬೆ ಬಿತ್ತು, ಬಾಯಿಯ ಒಂದು ಮೂಲೆ ಮುಕ್ಕಾಯಿತು. ಮತ್ತೆ ಮರಳು, ಮತ್ತೆ ನೀರು. ಬಾಯಿ ಹರಿತವಾಗುವಷ್ಟರಲ್ಲಿ ಕೊಡಲಿ ಒಂದು ಗೋಧಿಕಾಳಿನಷ್ಟು ಗಿಡ್ಡವಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಗಿಡ್ಡ ಕೊಡಲಿ ಕಂಡರೆ ಈಗ ಮಕ್ಕಳಿಗೆ ನಾನೇ ಕೇಳುತ್ತೇನೆ: ಇದನ್ನು ಎಷ್ಟು ಸಲ ಮಸೆದಿರಬಹುದು?