ಬಚ್ಚಲ ಒಲೆ ಕೊಳ್ಳುವ ಮೊದಲು ಕೊಟ್ಟಿಗೆ ನೋಡಿ

ಉಡುಪಿ, ಮಂಗಳೂರು ಕಡೆ ಮನೆ ಬೆಚ್ಚಗಾಗಲಿ ಎಂದು ಯಾರೂ ಒಲೆ ಹಚ್ಚುವುದಿಲ್ಲ. ನಮಗೆ ಬೆಂಕಿ ಬೇಕಿರುವುದು ಬಚ್ಚಲಿಗೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹಂಡೆ ತುಂಬ ಬಿಸಿನೀರು ಇದ್ದರೇ ಸ್ನಾನ. ಬಾಣಂತಿ ಇರುವ ಮನೆಯ ಕತೆ ಕೇಳುವುದೇ ಬೇಡ. ಕಡಿಮೆ ಖರ್ಚಿನ ಒಲೆ ಬೇಕೆನ್ನುವವರು ಸೀದಾ ಅಂಗಡಿಗೆ ಹೋಗುತ್ತಾರೆ. ಅದು ಉಲ್ಟಾ. ಮಳೆಗಾಲಕ್ಕೆ ಯಾವ ಉರುವಲನ್ನು ಒಣಗಿಸಿ ಕೊಟ್ಟಿಗೆಯಲ್ಲಿ ಇಡಬಲ್ಲಿರಿ ಎಂದು ಮೊದಲು ನೋಡಿ, ಒಲೆ ಆಮೇಲೆ.

ಅದಕ್ಕೂ ಮುಂಚೆ ಸಣ್ಣ ಲೆಕ್ಕ. 50 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿ ಏರಿಸಲು ಗೀಸರಿಗೆ ಸುಮಾರು ಒಂದೂಕಾಲು ಯೂನಿಟ್ ಕರೆಂಟ್ ಬೇಕು. ಅಷ್ಟೇ ನೀರಿಗೆ ಮೂರು ಕಲ್ಲಿನ ಒಲೆ ಎರಡು-ಮೂರು ಕೆ.ಜಿ. ಒಣ ಸೌದೆ ತಿನ್ನುತ್ತದೆ. ಒಳ್ಳೆಯ ಒಲೆಗೆ ಒಂದು ಕೆ.ಜಿ. ಆಸುಪಾಸು ಸಾಕು. ಗೃಹಜ್ಯೋತಿ ಇರುವವರು ಬಿಲ್ ತೆಗೆದು ನೋಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಹಣ ಕಟ್ಟಬೇಕು. ಗೀಸರ್ ಹಾಕಿಯೂ ನಿಮಗೆ ಸಿಗುವ ಉಚಿತ ಯೂನಿಟ್ಟಿನ ಮಿತಿಯೊಳಗೇ ಇದ್ದೀರಾ? ಹಾಗಾದರೆ ಹೊಸ ಒಲೆಗೆ ಸುಮ್ನೆ ಯಾಕೆ ದುಡ್ಡು?

ಈಗ ಕೊಟ್ಟಿಗೆಗೆ ಬನ್ನಿ. ಗೆರಟೆ (ತೆಂಗಿನ ಚಿಪ್ಪು) ತುಂಬ ಬಿಸಿ ಕೊಡುತ್ತದೆ. ಆದರೆ ದಿನಕ್ಕೊಂದು ಕಾಯಿ ಒಡೆಯುವ ಮನೆಯ ಗೆರಟೆ ಹಂಡೆಗೆ ಎಲ್ಲಿ ಸಾಲುತ್ತದೆ? ದಿನದ ಬೆಂಕಿಗೆ ತೆಂಗಿನ ಸಿಪ್ಪೆಯೇ ಗಟ್ಟಿ. ಒಣಗಿದ್ದರೆ ಬೇಗ ಹತ್ತಿ, ಕೆಂಡ ಹಿಡಿದು ನಿಧಾನ ಸುಡುತ್ತದೆ. ಒದ್ದೆಯಾದರೆ ಬರೀ ಹೊಗೆ. ಮಡಲು (ತೆಂಗಿನ ಗರಿ), ಕೊತ್ತಳಿಗೆ (ಗರಿಯ ದಪ್ಪ ಬುಡ) ಬೆಂಕಿ ಹೊತ್ತಿಸಲು ಚೆನ್ನ. ಅಡಿಕೆ ಸಿಪ್ಪೆ ಹಗುರ, ಹಾಕುತ್ತಲೇ ಇರಬೇಕು.

ಪೇಟೆಯಲ್ಲಿ ಇದ್ದು ತೋಟ ಇಲ್ಲದವರಿಗೆ ಸಾಮಿಲ್ಲಿನ ಮರದ ಹುಡಿ ಒಂದು ದಾರಿ. ಅದಕ್ಕೆ ಡಬ್ಬಿಯಂಥ ಒಲೆ ಬೇಕು. ನಡುವೆ ಪೈಪ್ ನಿಲ್ಲಿಸಿ, ಸುತ್ತ ಹುಡಿ ಗಟ್ಟಿಯಾಗಿ ತುಂಬಿ, ಪೈಪನ್ನು ಮೆಲ್ಲ ಎಳೆದು, ಕೆಳಗಿನ ತೂತಿನಿಂದ ಬೆಂಕಿ ಕೊಡುವುದು. ಮತ್ತೆ ಮುಟ್ಟದೆ ಗಂಟೆಗಟ್ಟಲೆ ಉರಿಯುತ್ತದೆ. ಉರಿಯುತ್ತಿರುವಾಗ ಮತ್ತೆ ಹುಡಿ ತುಂಬಿಸಲು ಆಗುವುದಿಲ್ಲ, ಅಷ್ಟೇ ತೊಂದರೆ. ರೈಸ್‌ಮಿಲ್ಲಿನ ಉಮಿಯೂ ಅಗ್ಗ. ಆದರೆ ಐದರಲ್ಲಿ ಒಂದು ಪಾಲು ಬೂದಿಯೇ ಉಳಿಯುತ್ತದೆ, ದಿನಾ ತೆಗೆಯಬೇಕು. ಗೇರುಬೀಜದ ಸಿಪ್ಪೆ ಮಾತ್ರ ಮನೆಗೆ ಬೇಡ. ಚೆನ್ನಾಗಿ ಉರಿಯುತ್ತದೆ ನಿಜ. ಅದರ ಎಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

ಸಿಪ್ಪೆ, ಸೌದೆಗಾದರೆ ಕಟ್ಟಿದ ಒಲೆಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗ ರೂಪಿಸಿದ ಅಸ್ತ್ರ ಒಲೆಯ ಹೆಸರು ಕೇಳಿದ್ದೀರಲ್ವಾ? ಅದು ಅಡುಗೆಯದ್ದು, ಆದರೆ ಅದರ ಯುಕ್ತಿ ಬಚ್ಚಲಿಗೂ ಆಗುತ್ತದೆ. ಉರುವಲು ಜಾಲರಿಯ ಮೇಲೆ ಇರಬೇಕು, ಕೆಳಗಿನಿಂದ ಗಾಳಿ ಬರಬೇಕು. ಹಂಡೆಗೂ ಗೋಡೆಗೂ ನಡುವೆ ಒಂದು ಇಂಚಿನಷ್ಟು ಸಂದು ಬಿಟ್ಟರೆ ಬಿಸಿ ಹಂಡೆಯನ್ನು ಸವರಿಕೊಂಡು ಹೋಗುತ್ತದೆ. ಸಂದು ಜಾಸ್ತಿಯಾದರೆ ಬಿಸಿಯೆಲ್ಲ ಚಿಮಣಿ ಪಾಲು. ಜಾಲರಿ ಬೀಡು ಕಬ್ಬಿಣದ್ದೇ ಕೇಳಿ. ತೆಳು ತಗಡು ನಮ್ಮ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಹಂಡೆಗೆ ಮುಚ್ಚಳ ಮರೆಯಬೇಡಿ.

ಒಲೆಯ ಬಾಯಿ ಸ್ನಾನ ಮಾಡುವ ಜಾಗದಿಂದ ಹೊರಗೆ ಇರಲಿ, ಹಳೆ ಮನೆಗಳಲ್ಲಿ ಇರುವ ಹಾಗೆ. ಬಾಗಿಲು ಹಾಕಿದ ಬಚ್ಚಲೊಳಗೆ ಕೆಂಡ ಇದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವವೇ ಹೋಗಬಹುದು. ಗ್ಯಾಸ್ ಗೀಸರಿಗೂ ಇದೇ ಮಾತು.

ಇನ್ನು ದಾಸ್ತಾನು. ಮೇ ಮುಗಿಯುವುದರೊಳಗೆ ಸಿಪ್ಪೆಯೆಲ್ಲ ಮಾಡಿನ ಕೆಳಗೆ ಬರಲಿ. ನೆಲಕ್ಕೆ ತಾಗದಂತೆ ಹಲಗೆ ಹಾಕಿ, ಗೋಡೆಯಿಂದ ಸ್ವಲ್ಪ ಬಿಟ್ಟು ಪೇರಿಸಿ. ಮರುದಿನಕ್ಕೆ ಬೇಕಾದಷ್ಟನ್ನು ಹಿಂದಿನ ಸಂಜೆಯೇ ಒಲೆಯ ಹತ್ತಿರ, ಕಿಡಿ ತಾಗದಷ್ಟು ದೂರದಲ್ಲಿ ತಂದಿಡಿ.