ಪೇಂಟ್ ಬೇಡ ಎಂದೆವು

“ತೇಪೆ ಹಾಕಿ, ಮೇಲೊಂದು ಕೋಟ್ ಪೇಂಟ್ ಹೊಡೆದುಬಿಡಿ, ಏನೂ ಕಾಣಿಸಲ್ಲ” ಎಂದಿದ್ದರು ಚರ್ಚಿನ ಸಮಿತಿಯವರು. ಗೋಡೆಯ ಕಾಂಕ್ರೀಟ್ ಅಲ್ಲಲ್ಲಿ ಚಕ್ಕೆ ಎದ್ದು ಉದುರುತ್ತಿತ್ತು, ಅದರ ದುರಸ್ತಿ ನಮ್ಮ ಕೆಲಸ. ಅದು 1960ರ ದಶಕದ ಕಾಂಕ್ರೀಟ್ ಕಟ್ಟಡ. ಪ್ಲಾಸ್ಟರ್ ಇಲ್ಲ, ಬಣ್ಣವಿಲ್ಲ. ಸೆಂಟ್ರಿಂಗ್ ಹಲಗೆಯ ಗೆರೆ, ಮರದ ಗಂಟು ಎಲ್ಲ ಗೋಡೆಯ ಮೇಲೆ ಹಾಗೇ ಅಚ್ಚಾಗಿವೆ. ಫ್ರೆಂಚ್ ವಾಸ್ತುಶಿಲ್ಪಿ ಆಗಸ್ಟ್ ಪೆರೆ 1923ರಲ್ಲೇ ಪ್ಯಾರಿಸ್ ಪಕ್ಕದ ಲ ರಾನ್ಸಿಯಲ್ಲಿ ಮೈ ಮುಚ್ಚದ ಕಾಂಕ್ರೀಟಿನ ಚರ್ಚ್ ಕಟ್ಟಿ ತೋರಿಸಿದ್ದ. ಇದೂ ಅದೇ ವಂಶದ್ದು. ಪೇಂಟ್ ಬಳಿದ ಮೇಲೆ ಇಲ್ಲಿ ಉಳಿಸಲು ಏನಿರುತ್ತದೆ?

ಮೊದಲು ನೀರಿನ ದಾರಿ ನೋಡಿದೆವು. ಚಪ್ಪಟೆ ತಾರಸಿಯ ಕೊಳವೆಗಳು ಕಟ್ಟಿಕೊಂಡಿದ್ದವು. ಅವು ಸರಿಯಾಗುವ ತನಕ ಗೋಡೆ ಮುಟ್ಟಲಿಲ್ಲ. ಆಮೇಲೆ ಸುತ್ತಿಗೆಯಲ್ಲಿ ತಟ್ಟುತ್ತ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ಆಗಷ್ಟೇ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ಎಂಬ, ಕ್ಷಾರ ತೋರಿಸುವ ದ್ರಾವಣ ಸಿಂಪಡಿಸಿದರೆ, ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿರುವ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಕ್ಷಾರವನ್ನು ತಿಂದುಹಾಕಿದ ಕಡೆ ಬಣ್ಣವೇ ಇಲ್ಲ. ಬಣ್ಣ ಬಾರದ ಪದರ ಒಳಗಿನ ಕಬ್ಬಿಣದ ಕಂಬಿಯವರೆಗೂ ಇಳಿದಿದ್ದರೆ, ತೇವ ಸಿಕ್ಕಲ್ಲಿ ತುಕ್ಕು ಶುರು. ತುಕ್ಕು ಉಬ್ಬಿ ಮೇಲಿನ ಕಾಂಕ್ರೀಟನ್ನು ಚಕ್ಕೆ ಎಬ್ಬಿಸುತ್ತದೆ.

ಕೆಟ್ಟ ಭಾಗವನ್ನು ಹಲಗೆಯ ಗೆರೆಗುಂಟವೇ ಕೊಯ್ದೆವು, ಸಂದು ಆ ಗೆರೆಯಲ್ಲೇ ಅಡಗಲಿ ಎಂದು. ಕಂಬಿಯ ಹಿಂದೆ ಬೆರಳು ಆಡುವಷ್ಟು ಬಿಡಿಸಿ, ತುಕ್ಕು ಪೂರ್ತಿ ತೆಗೆದೆವು.

ನಿಜವಾದ ಪೇಚಾಟ ಗಾರೆಯದು. ರೆಡಿಮೇಡ್ ಚೀಲದ ಗಾರೆ ಗಟ್ಟಿಯೇನೋ ಹೌದು, ಆದರೆ ಹಳೆಯ ಗೋಡೆಯಲ್ಲಿ ಸತ್ತ ಬೂದು ಬಣ್ಣದ ಚೌಕವಾಗಿ ಎದ್ದು ಕಾಣುತ್ತದೆ. ಉದುರಿದ ಚಕ್ಕೆಯನ್ನು ಪುಡಿಮಾಡಿ ಮರಳು, ಜಲ್ಲಿ ಬೇರ್ಪಡಿಸಿದೆವು. ಹಳದಿ ಛಾಯೆ ಇದ್ದದ್ದು ಸಿಮೆಂಟಿನಲ್ಲಲ್ಲ, ಮರಳಿನಲ್ಲಿ! ಅಂಥದೇ ಮರಳು ಹುಡುಕಿ, ಬೇರೆ ಬೇರೆ ಪ್ರಮಾಣದಲ್ಲಿ ಮಾದರಿ ಬಿಲ್ಲೆ ಎರೆದು ಬಿಸಿಲು ಮಳೆಗೆ ಬಿಟ್ಟೆವು. ಹಸಿ ಬಿಲ್ಲೆ ನೋಡಿ ಬಣ್ಣ ಆರಿಸುವವರ ಮಾತು ಕೇಳಬೇಡಿ. ಒಣಗಿದಾಗ ಅದು ಬೇರೆಯೇ ಆಗಿರುತ್ತದೆ. ಎರಕಕ್ಕೆ ಗರಗಸದ ಒರಟು ಹಾಗೇ ಇರುವ ಹಲಗೆ ಬೇಕು. ನಯವಾದ ಪ್ಲೈವುಡ್ ಇಟ್ಟರೆ ಮರದ ಎಳೆಗಳು ಮೂಡುವುದಿಲ್ಲ. ಹಲಗೆ ಬಿಚ್ಚಿದ ಮೇಲೆ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್, ನಂತರ ಮೇಲೆ ಕಟ್ಟಿದ ಸಿಮೆಂಟ್ ಹಾಲಿನ ತೆಳು ಪದರವನ್ನು ಬ್ರಷ್‌ನಿಂದ ಉಜ್ಜಿ ಮರಳು ಕಾಣುವಂತೆ ಮಾಡಿದೆವು.

ಹತ್ತಿರ ನಿಂತರೆ ತೇಪೆ ಗೊತ್ತಾಗುತ್ತದೆ. ಆಗಲಿ. ಯಾವ ತೇಪೆ ಎಲ್ಲಿದೆ, ಅದರಲ್ಲಿ ಯಾವ ಮರಳು, ಎಷ್ಟು ಸಿಮೆಂಟ್ ಎಂದು ನಕ್ಷೆಯ ಮೇಲೆ ಬರೆದು ಸಮಿತಿಗೆ ಕೊಟ್ಟಿದ್ದೇವೆ. ಜೊತೆಗೆ ತಾರಸಿಯ ಕೊಳವೆಯ ಕಸ ಪ್ರತಿ ಮಳೆಗಾಲಕ್ಕೆ ಮುಂಚೆ ತೆಗೆಸಬೇಕೆಂಬ ಚೀಟಿ.