ಪೂಜ್ಯಂ ಅಂದ್ರೆ ಸೊನ್ನೆ

ಕೆಲಸಕ್ಕೆ ಸೇರಿ ಎರಡನೇ ವಾರ. ತಿರುವನಂತಪುರದಿಂದ ಫೋನ್ ಬಂತು. ಆ ಕಡೆಯವರು ಮಲಯಾಳದಲ್ಲಿ ಒಂದೊಂದೇ ಅಂಕಿ ಓದುತ್ತಾ ಹೋದರು, ನಾನು ಈಚೆ ಬರೆದುಕೊಳ್ಳುತ್ತಾ ಹೋದೆ. ನಡುವೆ ಅವರು "ಪೂಜ್ಯಂ" ಅಂದರು. ಯಾರೋ ಸ್ವಾಮಿಗಳ ಹೆಸರು ಬರಲಿಕ್ಕುಂಟು ಅಂತ ನಾನು ಪೆನ್ನು ಎತ್ತಿ ಕಾದೆ. ಅವರೂ ಕಾದರು. ಕೊನೆಗೆ ಪಕ್ಕದ ಮೇಜಿನವರು ನಗು ತಡೆಯಲಾಗದೆ, ಬೆರಳಿನಲ್ಲಿ ಗಾಳಿಯಲ್ಲೊಂದು ಉರುಟು ಬರೆದು ತೋರಿಸಿದರು. ಮಲಯಾಳದಲ್ಲಿ ಸೊನ್ನೆಗೆ ಪೂಜ್ಯಂ ಅನ್ನುತ್ತಾರೆ ಮಾರಾಯ್ರೇ! ಬಸ್ಸಿಗೆ, ಅಂಗಡಿಗೆ, ನೆರೆಮನೆಯ ಮಾತಿಗೆ ಸಾಕಾಗುವಷ್ಟು ಮಲಯಾಳ ನನಗೆ ಬರುತ್ತಿತ್ತು. ಆದರೆ ಅಂಗಡಿಯಲ್ಲಿ ಯಾರೂ ಸೊನ್ನೆ ಕೊಳ್ಳುವುದಿಲ್ಲವಲ್ಲ.

ಒಂಬತ್ತು ವರ್ಷ ಆಯಿತು. ಈಗ ನನ್ನ ಹುದ್ದೆಯ ಹೆಸರು ಸೀನಿಯರ್ ಡೇಟಾ ರಿಪೋರ್ಟಿಂಗ್ ಅನಲಿಸ್ಟ್. ಊರಲ್ಲಿ ಯಾರಾದರೂ ಕೇಳಿದರೆ ಇಷ್ಟುದ್ದ ಹೇಳುವುದಿಲ್ಲ. "ಕಾಸರಗೋಡಿನಲ್ಲಿ, ಸರ್ಕಾರಿ ಕಚೇರಿಯಲ್ಲಿ, ಲೆಕ್ಕದ ಕೆಲಸ" ಅನ್ನುತ್ತೇನೆ. "ಓ, ಡೇಟಾ ಎಂಟ್ರಿಯಾ?" ಅನ್ನುತ್ತಾರೆ. ಹೌದು ಅಂದುಬಿಡುವುದೇ ಸುಲಭ.

ಕೆಲಸ ಇಷ್ಟೇ. ತಿಂಗಳು ತಿಂಗಳು ಪಂಚಾಯತ್‌ಗಳಿಂದ, ಆರೋಗ್ಯ ಕೇಂದ್ರಗಳಿಂದ, ಕೃಷಿ ಕಚೇರಿಗಳಿಂದ ಲೆಕ್ಕ ಬರುತ್ತದೆ. ಅದನ್ನು ಒಟ್ಟು ಮಾಡಬೇಕು, ಸರಿ ಉಂಟಾ ನೋಡಬೇಕು, ಟೇಬಲ್ ಮಾಡಿ ಮೇಲಕ್ಕೆ ಕಳಿಸಬೇಕು. ಮೇಲಿನವರು "ಇದು ಯಾಕೆ ಹೀಗೆ?" ಅಂತ ಕೇಳಿದಾಗ ಉತ್ತರ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತ್, 3 ನಗರಸಭೆ. ಒಟ್ಟು 41. ಯಾವ ಫೈಲ್ ತೆರೆದರೂ ಮೊದಲು ಸಾಲು ಎಣಿಸುತ್ತೇನೆ. 41 ಇದ್ದರೆ ಮುಂದೆ ಓದುವುದು, ಇಲ್ಲದಿದ್ದರೆ ಮೊದಲು ಫೋನ್. ಇಷ್ಟು ವರ್ಷದಲ್ಲಿ ನನ್ನನ್ನು ಜಾಸ್ತಿ ಸಲ ಬಚಾವ್ ಮಾಡಿದ ಉಪಾಯ ಇದೇ. ಇದಕ್ಕೆ ಯಾವ ಕೋರ್ಸೂ ಬೇಕಾಗಿಲ್ಲ.

ನಾನು ಬದಿಯಡ್ಕ ಕಡೆಯವಳು, ಕನ್ನಡ ಮೀಡಿಯಂ. ಮಂಗಳೂರಿನಲ್ಲಿ ಸ್ಟಾಟಿಸ್ಟಿಕ್ಸ್ ಓದಿ, ಅಲ್ಲೇ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ದಿನದ ಮಾರಾಟದ ವರದಿ ಮಾಡುತ್ತಿದ್ದೆ. ಎಕ್ಸೆಲ್ ನೀರು ಕುಡಿದಷ್ಟು ಸಲೀಸು ಅಂತ ಧೈರ್ಯ ಇತ್ತು. ಆ ಧೈರ್ಯವೇ ಮೊದಲ ವರ್ಷ ಮುಳುಗಿಸಿತು.

ಆದದ್ದು ಇಷ್ಟು. ಎರಡು ಕಚೇರಿಯ ಫೈಲ್ ಜೋಡಿಸಬೇಕಿತ್ತು. ಎರಡರಲ್ಲೂ ಪಂಚಾಯತ್ ಹೆಸರು ಮಲಯಾಳದಲ್ಲಿ. ಹೆಸರು ಹೊಂದಿಸಿ ಅಂಕಿ ತರುವ ವಿ-ಲುಕಪ್ ಫಾರ್ಮುಲಾ ಹಾಕಿದೆ. ಕೆಲವು ಸಾಲಿನಲ್ಲಿ ತಪ್ಪು ಅಂತ ತೋರಿಸಿತು. ವರದಿಯಲ್ಲಿ ಅದು ಅಸಹ್ಯವಾಗಿ ಕಾಣುತ್ತದಲ್ವಾ? ಕಂಪನಿಯಲ್ಲಿ ಕಲಿತ ಬುದ್ಧಿ, ಸುಮ್ನೆ ತಪ್ಪು ಮುಚ್ಚುವ ಫಾರ್ಮುಲಾ ಇಫ್‌ಎರರ್ ಸುತ್ತಿ, ತಪ್ಪು ಬಂದಲ್ಲೆಲ್ಲ ಸೊನ್ನೆ ಬರುವ ಹಾಗೆ ಮಾಡಿದೆ. ಟೇಬಲ್ ನೀಟಾಯಿತು. ಮರುವಾರ ಮೀಟಿಂಗಿನಲ್ಲಿ ಅದನ್ನು ದೊಡ್ಡ ಪರದೆಗೆ ಹಾಕಿದರು. ಒಂದು ಪಂಚಾಯತಿನಿಂದ ಬಂದಿದ್ದವರು ಎದ್ದು ನಿಂತು, "ನಮ್ಮಲ್ಲಿ ಪಿಂಚಣಿ ತೆಗೆದುಕೊಳ್ಳುವವರು ಒಬ್ಬರೂ ಇಲ್ಲವಾ? ನನ್ನ ಅಮ್ಮನೇ ತೆಗೆದುಕೊಳ್ಳುತ್ತಾರಲ್ಲ" ಅಂದರು. ಎಲ್ಲರೂ ನಕ್ಕರು. ನಾನು ಹಿಂದಿನ ಸಾಲಿನಲ್ಲಿ ಕೂತು ನೋಟ್‌ಬುಕ್ ನೋಡುತ್ತಿದ್ದೆ.

ಆ ರಾತ್ರಿ ಮನೆಯಲ್ಲಿ ಎರಡೂ ಹೆಸರನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಕಣ್ಣಿಗೆ ಒಂದೇ. ಅಕ್ಷರ ಎಣಿಸಲು ಹೇಳಿದರೆ ಕಂಪ್ಯೂಟರ್ ಬೇರೆ ಬೇರೆ ಉದ್ದ ಹೇಳುತ್ತದೆ! ಮಲಯಾಳದಲ್ಲಿ ಚಿಲ್ಲಕ್ಷರ ಅಂತ ಉಂಟು, ಪದದ ಕೊನೆಯ ಲ್, ರ್, ನ್ ಥರದ ಅರ್ಧಾಕ್ಷರಗಳು. 2008ರ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಪಟ್ಟಿಯಲ್ಲಿ, ಅವಕ್ಕೆ ಬೇರೆಯದೇ ಕೋಡ್ ಕೊಟ್ಟರು. ಅದಕ್ಕೆ ಮೊದಲು ಪೂರ್ಣ ಅಕ್ಷರ, ಅದರ ಸ್ವರ ತೆಗೆಯುವ ಚಂದ್ರಕಲೆ, ಮತ್ತೆ ಕಣ್ಣಿಗೆ ಕಾಣದ ಒಂದು ಜೋಡಕ ಸೇರಿಸಿ ಬರೆಯುತ್ತಿದ್ದರು. ಹಳೆ ಕೀಬೋರ್ಡಿನಲ್ಲಿ ಬರೆದದ್ದೂ ಹೊಸದರಲ್ಲಿ ಬರೆದದ್ದೂ ಪರದೆ ಮೇಲೆ ಅವಳಿ ಜವಳಿ, ಒಳಗೆ ಬೇರೆ. ಮೊಗ್ರಾಲ್ ಪುತ್ತೂರನ್ನೇ ತೆಗೆದುಕೊಳ್ಳಿ. ಮಲಯಾಳದಲ್ಲಿ ಬರೆದರೆ ಮೊದಲ ಪದದ ತುದಿಯಲ್ಲೊಂದು ಚಿಲ್ಲು, ಎರಡನೆಯದರ ತುದಿಯಲ್ಲೊಂದು. ನಮ್ಮ ಕನ್ನಡವೂ ಏನು ಕಮ್ಮಿಯಲ್ಲ. ಮಂಗಲ್ಪಾಡಿ ಅಂತ ಒತ್ತಕ್ಷರದಲ್ಲೂ ಬರೆಯುತ್ತಾರೆ, ಮಂಗಲ್‌ಪಾಡಿ ಅಂತ ಬಿಡಿಸಿಯೂ ಬರೆಯುತ್ತಾರೆ. ಜಿಲ್ಲೆಯ ಹೆಸರನ್ನೇ ಕಾಸರಗೋಡು, ಕಾಸರ್‌ಗೋಡ್, ಕಾಸರ್‌ಕೋಡ್ ಅಂತ ಮೂರು ಥರ ನೋಡಿದ್ದೇನೆ, ಒಂದೇ ಫೈಲಿನಲ್ಲಿ.

ಅವತ್ತಿನಿಂದ ಹೆಸರಿನ ಮೇಲೆ ಜೋಡಿಸುವುದು ಬಿಟ್ಟೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಪಂಚಾಯತಿಗೂ ಒಂದು ಕೋಡ್ ಉಂಟು. ನಾಲ್ಕು ದಿನ ಕೂತು 41ಕ್ಕೂ ಕೋಡ್ ಹಾಕಿ, ಪಕ್ಕದಲ್ಲಿ ನನಗೆ ಸಿಕ್ಕಿದ ಅಷ್ಟೂ ಕಾಗುಣಿತ ಬರೆದು ಒಂದು ಶೀಟ್ ಮಾಡಿದೆ. ಹೊಸ ಕಾಗುಣಿತ ಸಿಕ್ಕಿದ ಹಾಗೆ ಸೇರಿಸುತ್ತೇನೆ. ಇವತ್ತಿಗೂ ಆ ಶೀಟ್ ಬೆಳೆಯುತ್ತಲೇ ಉಂಟು. ಇನ್ನು ಇಫ್‌ಎರರ್‌ನಲ್ಲಿ ಸೊನ್ನೆ ಹಾಕುವುದು? ನನ್ನ ಕೆಳಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ನಿಜವಾಗಿ ಜೋರು ಮಾಡುವುದು ಇದೊಂದು ವಿಷಯಕ್ಕೆ ಮಾತ್ರ.

ತಾರೀಖಿನದ್ದು ಬೇರೆ ಗೋಳು. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗಿನಲ್ಲಿದ್ದರೆ 5/6 ಅಂತ ಬರೆದ ಜೂನ್ 5 ಹೋಗಿ ಮೇ 6 ಆಗುತ್ತದೆ. ಜೂನ್ 13 ಮಾತ್ರ ಹಾಗೇ ಉಳಿಯುತ್ತದೆ, ಯಾಕೆಂದರೆ ಹದಿಮೂರನೇ ತಿಂಗಳು ಇಲ್ಲ. ಒಂದು ಫೈಲಿನಲ್ಲಿ 12ರ ಒಳಗಿನ ತಾರೀಖೆಲ್ಲ ಅದಲುಬದಲು, 12 ದಾಟಿದ್ದೆಲ್ಲ ಬರೀ ಅಕ್ಷರ ಅಂತ ಕಂಡರೆ ಕಾರಣ ಇದೇ. ಹೆಚ್ಚು ಹೇಳುವುದಿಲ್ಲ.

ಮಜಾ ಬಂದದ್ದು ಅಂಗನವಾಡಿ ಲೆಕ್ಕದಲ್ಲಿ. ಆನ್‌ಲೈನ್ ಶೀಟ್ ಮಾಡಿ ಎಲ್ಲರಿಗೂ ಮೊಬೈಲಿನಿಂದಲೇ ತುಂಬಲು ಹೇಳಿದ್ದೆವು. ಒಂದು ಪಂಚಾಯತಿನ ಮಕ್ಕಳ ಸಂಖ್ಯೆ ಪ್ರತಿ ತಿಂಗಳೂ ಸ್ವಲ್ಪ ಕಮ್ಮಿ ಬರುತ್ತಿತ್ತು. ಖಾಲಿ ಕೋಶ ಒಂದೂ ಇಲ್ಲ, ಎಲ್ಲ ತುಂಬಿದೆ. ಆದರೂ ಮೊತ್ತ ಸೇರುತ್ತಿಲ್ಲ. ಅರ್ಧ ಗಂಟೆ ದಿಟ್ಟಿಸಿ ನೋಡಿದ ಮೇಲೆ ಕಂಡಿತು. ಶೀಟಿನಲ್ಲಿ ಅಂಕಿ ಬಲಕ್ಕೆ ಒರಗಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಒಂದು ಕೋಶ ಮಾತ್ರ ಎಡಕ್ಕಿತ್ತು. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ೧೪ ಅಂತ ಇತ್ತು. ಟೀಚರ್ ಕನ್ನಡ ಕೀಬೋರ್ಡಿನಲ್ಲಿ ಕನ್ನಡ ಅಂಕಿಯನ್ನೇ ಒತ್ತಿದ್ದರು. ನಾನು ಎಷ್ಟೋ ಸಲ ಆ ಸಾಲು ದಾಟಿ ಹೋಗಿದ್ದೆ, ಒಂದನೇ ಕ್ಲಾಸಿನಿಂದ ನೋಡಿದ ಅಂಕಿ ನನ್ನ ಕಣ್ಣಿಗೆ ತಪ್ಪು ಅಂತ ಕಾಣುವುದಾದರೂ ಹೇಗೆ? ಸಮ್ ಫಾರ್ಮುಲಾಕ್ಕೆ ಮಾತ್ರ ಅದು ಅಂಕಿಯೇ ಅಲ್ಲ. ಬೈಯುವುದೂ ಇಲ್ಲ, ಕೆಂಪು ಗೆರೆಯೂ ಇಲ್ಲ, ಮೆತ್ತಗೆ ಬಿಟ್ಟು ಮುಂದೆ ಹೋಗುತ್ತದೆ. ಹದಿನಾಲ್ಕು ಮಕ್ಕಳು ಹಾಗೆ ಮಾಯ.

ಕಚೇರಿಯಲ್ಲಿ ಒಬ್ಬರು "ಇಂಗ್ಲಿಷ್ ಅಂಕಿಯನ್ನೇ ಬರೆಯಬೇಕು ಅಂತ ಸುತ್ತೋಲೆ ಕಳಿಸೋಣ" ಅಂದರು. ನನಗೆ ಸರಿ ಕಾಣಲಿಲ್ಲ. ಕನ್ನಡದಲ್ಲಿ ಅರ್ಜಿ ಕೊಡಲು ಹಕ್ಕಿರುವ ಜಾಗ ಇದು, ಟೀಚರ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಹತ್ತು ಅಂಕಿ ಬದಲಿಸಲು ಹತ್ತು ಸಾಲಿನ ಕೆಲಸ, ಅದನ್ನು ನಾನೇ ಮಾಡಿದೆ. ಈಗ ಅವರು ೧೪ ಬರೆಯಲಿ, 14 ಬರೆಯಲಿ, ಎರಡೂ ನಡೆಯುತ್ತದೆ. ಮತ್ತೆ ಪ್ರತಿ ಕಾಲಮಿನ ಕೆಳಗೆ ಎರಡು ಎಣಿಕೆ ಇಡುತ್ತೇನೆ. ತುಂಬಿದ ಕೋಶ ಎಷ್ಟು, ಅದರಲ್ಲಿ ಅಂಕಿ ಎಷ್ಟು. ಎರಡೂ ಒಂದೇ ಆಗದಿದ್ದರೆ ಎಲ್ಲೋ ಒಬ್ಬರು ಎಡಕ್ಕೆ ನಿಂತಿದ್ದಾರೆ ಅಂತ ಅರ್ಥ.

ಇನ್ನೊಂದು ಥರದ ಸೊನ್ನೆ ಉಂಟು. ಅದು ನಿಜವೇ, ಆದರೂ ದಾರಿ ತಪ್ಪಿಸುತ್ತದೆ. ಗಡಿ ಪಕ್ಕದ ಒಂದು ಪಂಚಾಯತಿನ ಜನನ ಲೆಕ್ಕ ಒಂದು ತಿಂಗಳು ಸೊನ್ನೆ ಬಂತು. ಹಿಂದಿನ ತಿಂಗಳು ಒಂದು. ಹೊಸದಾಗಿ ಬಂದ ಆಫೀಸರ್ ಗಾಬರಿಯಾದರು, "ರಿಜಿಸ್ಟ್ರೇಶನ್ ನಡೀತಾ ಇಲ್ವಾ?" ಅಂತ. ಅವರು ದಕ್ಷಿಣದ ಜಿಲ್ಲೆಯವರು, ನಮ್ಮ ಕಡೆಯ ಹೆರಿಗೆಯ ದಾರಿ ಅವರಿಗೆ ಗೊತ್ತಿಲ್ಲ. ನಾನು ಹುಟ್ಟಿದ್ದೂ ಮಂಗಳೂರಿನಲ್ಲೇ. ಮಂಜೇಶ್ವರದ ಕಡೆಯವರಿಗೆ ಆಸ್ಪತ್ರೆ ಅಂದರೆ ತಲಪಾಡಿ ದಾಟಿ ಮಂಗಳೂರು ಅಥವಾ ದೇರಳಕಟ್ಟೆ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ತಾಯಿಯ ಮನೆ ಎಲ್ಲಿ ಅನ್ನುವುದು ಅದೇ ಫಾರಮಿನ ಅಂಕಿಅಂಶದ ಭಾಗದಲ್ಲಿ ಬರುತ್ತದೆ, ಆದರೆ ಮಗು ಲೆಕ್ಕಕ್ಕೆ ಸೇರುವುದು ಕರ್ನಾಟಕದಲ್ಲಿ. ಅಮ್ಮನ ತೊಡೆ ಮೇಲೆ ಕೂತು ಗಡಿ ದಾಟಿ ಬಂದ ಮಗು ಮೂರು ವರ್ಷದ ನಂತರ ನಮ್ಮ ಅಂಗನವಾಡಿಯ ಸಾಲಿನಲ್ಲಿ ಧುತ್ತೆಂದು ಪ್ರತ್ಯಕ್ಷ. ಸಾವಿನದ್ದೂ ಅದೇ ಕಥೆ.

ಆ ಆಫೀಸರಿಗೆ ಬಾಯಿಯಲ್ಲಿ ಹೇಳಿದರೆ ಮರೆತುಹೋಗುತ್ತದೆ ಅಂತ ಟೇಬಲಿನ ಅಡಿಯಲ್ಲೇ ಒಂದು ಸಾಲು ಸೇರಿಸಿದೆ: "ಇದು ಇಲ್ಲಿ ನಡೆದ ಹೆರಿಗೆಗಳ ಲೆಕ್ಕ, ಇಲ್ಲಿಯವರಿಗೆ ಹುಟ್ಟಿದ ಮಕ್ಕಳದ್ದಲ್ಲ." ಆ ಸಾಲನ್ನು ತೆಗೆಯಿರಿ, ಟೇಬಲ್ ಉದ್ದ ಆಗುತ್ತದೆ ಅಂತ ಎರಡು ಸಲ ಹೇಳಿದರು. ಎರಡು ಸಲವೂ ಅಕ್ಷರ ಸಣ್ಣದು ಮಾಡಿದೆ, ತೆಗೆಯಲಿಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಸಮಯ, ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ಸಣ್ಣ ಅಕ್ಷರದ ಅರ್ಥ ಎಲ್ಲರಿಗೂ ಆಯಿತು. ಆ ತಿಂಗಳುಗಳನ್ನು ನಾನು ಇವತ್ತಿಗೂ ಬೇರೆ ಯಾವ ತಿಂಗಳ ಜೊತೆಗೂ ಹೋಲಿಸುವುದಿಲ್ಲ.

ಹಳೆಯ ಲೆಕ್ಕ ಕೇಳುವವರದ್ದು ಮತ್ತೊಂದು. "ಮಂಜೇಶ್ವರ ತಾಲೂಕಿನ ಇಪ್ಪತ್ತು ವರ್ಷದ್ದು ಕೊಡಿ" ಅನ್ನುತ್ತಾರೆ. ಮಂಜೇಶ್ವರ, ವೆಳ್ಳರಿಕುಂಡ್ ತಾಲೂಕುಗಳಾದದ್ದೇ 2014ರಲ್ಲಿ. 2011ರ ಜನಗಣತಿಯಲ್ಲಿ ಜಿಲ್ಲೆಗೆ 13,07,375 ಜನ, ತಾಲೂಕು ಎರಡೇ, ಕಾಸರಗೋಡು ಮತ್ತು ಹೊಸದುರ್ಗ. 2014ಕ್ಕೆ ಹಿಂದಿನ ಕೋಶದಲ್ಲಿ ಸೊನ್ನೆ ಹಾಕಿದರೆ ಮಂಜೇಶ್ವರದಲ್ಲಿ ಆಗ ಮನುಷ್ಯರೇ ಇರಲಿಲ್ಲ ಅಂದ ಹಾಗೆ. ಹಳ್ಳಿಗಳನ್ನು ಒಂದೊಂದಾಗಿ ಕೂಡಿಸಿ ಮಾಡಿಕೊಡಬಹುದು, ಆದರೆ ಎರಡು ದಿನ ಬೇಕು. ಎರಡು ದಿನ ಅಂದ ಕೂಡಲೇ ಅರ್ಧ ಜನ "ಹಾಗಾದರೆ ಜಿಲ್ಲೆಯದ್ದೇ ಸಾಕು" ಅನ್ನುತ್ತಾರೆ.

ಭತ್ತದ ಫಾರಮಿನಲ್ಲಿ ವಿರಿಪ್ಪು, ಮುಂಡಕನ್, ಪುಂಜ ಅಂತ ಮೂರು ಬೆಳೆ. ನಮ್ಮ ರೈತರು ಹೇಳುವುದು ಏಣೆಲು, ಸುಗ್ಗಿ, ಕೊಳಕೆ. ಎರಡೂ ಹೆಸರು ಒಂದೇ ಕಾಲಮಿನ ತಲೆಯಲ್ಲಿ ಬರೆದುಬಿಟ್ಟೆ, ಜಗಳ ಮುಗಿಯಿತು.

ಈ ಕೆಲಸಕ್ಕೆ ಏನು ಕಲಿಯಬೇಕು ಅಂತ ಮಕ್ಕಳು ಕೇಳುತ್ತಿರುತ್ತಾರೆ. ಎಕ್ಸೆಲ್ ಚೆನ್ನಾಗಿ ಬರಬೇಕು, ಎಸ್‌ಕ್ಯೂಎಲ್ ಕೆಲಸಕ್ಕೆ ಬರುತ್ತದೆ, ಪೈಥಾನ್ ಬಂದರೆ ಒಳ್ಳೆಯದು. ನನಗೆ ನಿಜವಾಗಿ ಹೊತ್ತು ತಿಂದದ್ದು ಮಲಯಾಳ ಓದಲು ಕಲಿತದ್ದು. ಮಾತಾಡಲು ಬಂದರೆ ಸಾಲದು, ಸುತ್ತೋಲೆ ಓದಲು ಬರಬೇಕು. ಬಸ್ಸಿನ ಬೋರ್ಡಿನಿಂದ ಶುರು ಮಾಡಿ, ಆರು ತಿಂಗಳಲ್ಲಿ ಸರ್ಕಾರಿ ಆದೇಶದವರೆಗೆ ಬಂದೆ. ಮತ್ತೊಂದು, ಫೋನ್ ಮಾಡಲು ನಾಚಿಕೆ ಇರಬಾರದು. ಪಂಚಾಯತಿನ ಕ್ಲರ್ಕ್, ಆಶಾ ಕಾರ್ಯಕರ್ತೆ, ಟೀಚರ್, ಇವರ ನಂಬರ್ ನನ್ನ ಮೊಬೈಲಿನಲ್ಲಿ ನೂರಕ್ಕೂ ಜಾಸ್ತಿ ಉಂಟು. ಅವರ ಮಗಳ ಮದುವೆಗೂ ಹೋಗುತ್ತೇನೆ. ಅಂಕಿ ಬೇಗ ಬರಲಿ ಅಂತ ಅಲ್ಲ, ಊಟ ಚೆನ್ನಾಗಿರುತ್ತದೆ ಅಂತ. ಆದರೆ ಅಂಕಿಯೂ ಬೇಗ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ಫೈಲಿನಲ್ಲಿ ಈಗ ಮೂರು ಗುರುತು. ಎಣಿಸಿದರು, ಏನೂ ಇರಲಿಲ್ಲ ಅಂದರೆ 0. ಅಲ್ಲಿಗೆ ಆ ಪ್ರಶ್ನೆಯೇ ಅನ್ವಯಿಸುವುದಿಲ್ಲ ಅಂದರೆ ಒಂದು ಅಡ್ಡಗೆರೆ. ಇನ್ನೂ ಬಂದಿಲ್ಲ ಅಂದರೆ ಖಾಲಿ, ಹಳದಿ ಬಣ್ಣ. ಹಳದಿ ಕೋಶ ಇರುವ ವರದಿಯನ್ನು ಮೇಲಿನವರು ಇಷ್ಟಪಡುವುದಿಲ್ಲ. ನಮ್ಮ ಕಚೇರಿಯದ್ದೇ ಕೆಲಸ ಆಗಿಲ್ಲ ಅನ್ನುವ ಹಾಗೆ ಕಾಣುತ್ತದೆ ಅನ್ನುತ್ತಾರೆ. ಅದೂ ಒಂದು ರೀತಿಯಲ್ಲಿ ನಿಜವೇ.

ಕಳೆದ ಜೂನಿನಲ್ಲಿ ಒಂದು ಶುಕ್ರವಾರ. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಡೆಂಗಿಯ ವಾರದ ಲೆಕ್ಕ ಆರು ಗಂಟೆಯೊಳಗೆ ಹೋಗಬೇಕು. 40 ಸಾಲು ಬಂದಿದೆ, ಗುಡ್ಡದ ಕಡೆಯ ಒಂದು ಪಂಚಾಯತ್ ಬಂದಿಲ್ಲ. ಫೋನ್ ಮಾಡಿದರೆ ರೇಂಜ್ ಇಲ್ಲ. ನಮ್ಮ ಸೆಕ್ಷನಿನ ಹಿರಿಯರು ಹೆಗಲ ಮೇಲಿಂದ ಬಗ್ಗಿ ನೋಡಿ, "ಪೂಜ್ಯಂ ಹಾಕಿ ಕಳಿಸಿ, ಹೇಗೂ ಅಲ್ಲಿ ಇರಲಿಕ್ಕಿಲ್ಲ" ಅಂದರು. "ಸ್ವಲ್ಪ ತಡೀರಿ ಸಾರ್" ಅಂದೆ. ಮತ್ತೆ ಮೂರು ಸಲ ಒತ್ತಿದೆ. ಐದೂ ನಲವತ್ತಕ್ಕೆ ಆ ಪಂಚಾಯತಿನವರೇ ಫೋನ್ ಮಾಡಿದರು, ಬಸ್ಸಿನೊಳಗಿಂದ. ಮಳೆಯ ಸದ್ದು, ಕಂಡಕ್ಟರನ ಸೀಟಿ, ಅದರ ನಡುವೆ ಅವರ ದನಿ.

"ಪೂಜ್ಯಂ" ಅಂದರು.

"ಎಲ್ಲ ವಾರ್ಡಿನವರನ್ನೂ ಕೇಳಿದ್ರಾ?"

"ಕೇಳಿದೆ. ಪೂಜ್ಯಂ."

ಹಳದಿ ತೆಗೆದು 0 ಹಾಕಿದೆ. ಪಕ್ಕದ ಕಾಲಮಿನಲ್ಲಿ "ಫೋನಿನಲ್ಲಿ ಕೇಳಿದ್ದು, 5.40" ಅಂತ ಬರೆದು ಫೈಲ್ ಕಳಿಸಿದೆ.